ರೇಸ್ ಟ್ರ್ಯಾಕ್ ಪಕ್ಕ ಮಾರ್ಷಲ್ ಆಗಿ ನಿಲ್ಲುವುದು ಹೇಗಿರುತ್ತದೆ? ಕೋಲಾರದವನೊಬ್ಬನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ರೇಸ್ ನೋಡಬೇಕು ಅಂತ ಆಸೆ ಇದ್ದರೆ ಟಿಕೆಟ್ ತೆಗೆದುಕೊಂಡು ಸ್ಟ್ಯಾಂಡ್‌ನಲ್ಲಿ ಕೂತು ನೋಡಿ. ಟ್ರ್ಯಾಕ್ ಪಕ್ಕ ನಿಂತು ಬಾವುಟ ಬೀಸುವ, ಬಿದ್ದವರ ನೆರವಿಗೆ ಓಡುವ ಮಾರ್ಷಲ್ ಆಗಿ ಹೋದರೆ ರೇಸ್ ಕಾಣುವುದಿಲ್ಲ. ಯಾರು ಗೆದ್ದರು ಅಂತ ಸಂಜೆ ಬೇರೆಯವರನ್ನು ಕೇಳಿ ತಿಳಿದುಕೊಳ್ಳಬೇಕು. ಆದರೂ ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ಮತ್ತೆ ಮತ್ತೆ ಹೋಗುತ್ತೇನೆ. ಆ ಅರ್ಧ ಸ್ಟಾರ್ ಯಾಕೆ ಕಡಿಮೆ ಅಂತಲೂ ಬರೆಯುತ್ತೇನೆ.

ನಮ್ಮ ಕೋಲಾರದಲ್ಲಿ ಬೈಕ್ ಹುಚ್ಚು ಇರುವವರು ಜಾಸ್ತಿ. ನರಸಾಪುರದಲ್ಲಿ ಹೋಂಡಾ ಫ್ಯಾಕ್ಟರಿ ಇದೆ. 2015ರಲ್ಲಿ ಮರುಭೂಮಿ ದಾಟುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರ, ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸಲು ಕಲಿಸುವ ಬಿಗ್‌ರಾಕ್ ಡರ್ಟ್‌ಪಾರ್ಕ್ ಕೂಡ ನಮ್ಮ ಕಡೆಯೇ ಇರುವುದು. ಇಷ್ಟಿದ್ದೂ ಮಾರ್ಷಲ್ ಕೆಲಸದ ಬಗ್ಗೆ ಕೇಳಿದರೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. 'ಬಾವುಟ ಬೀಸುವವರಾ?' ಅಂತ ಕೇಳುತ್ತಾರೆ. ಹೌದು, ಬಾವುಟ ಬೀಸುವವರೇ. ಆ ಬಾವುಟ ಸರಿಯಾದ ಸೆಕೆಂಡಿಗೆ ಬೀಸದಿದ್ದರೆ ಏನಾಗುತ್ತದೆ ಅನ್ನುವುದೇ ಇಲ್ಲಿ ವಿಷಯ.

ನಾನು ಹೋಗುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಶ್ರೀಪೆರಂಬುದೂರು ದಾಟಿದ ಮೇಲೆ ಹ್ಯುಂಡೈ ಫ್ಯಾಕ್ಟರಿ ಇರುವ ಊರು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ ಟ್ರ್ಯಾಕ್ ಇದು, 1990ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಶೋಳಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿತ್ತು. ಈಗಿನ ಟ್ರ್ಯಾಕ್ ಒಂದು ಸುತ್ತಿಗೆ 3.717 ಕಿಲೋಮೀಟರ್, 12 ತಿರುವು. ನಮ್ಮ ಊರಿನಿಂದ ಹೋಗುವುದು ಸುಲಭ. ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಬಹುದು, ಇಲ್ಲವಾದರೆ ಮುಳಬಾಗಿಲು, ಪಲಮನೇರು, ಚಿತ್ತೂರು ಮೇಲೆ ರಸ್ತೆಯಲ್ಲೇ ಹೋಗಬಹುದು. ಭಾಷೆಯದೂ ತೊಂದರೆ ಇಲ್ಲ. ಕೆಜಿಎಫ್ ಹುಡುಗರಿಗೆ ತಮಿಳು ಮನೆಮಾತು, ನಮಗೆಲ್ಲ ತೆಲುಗು ಸೇರಿಸಿ ಹೇಗೋ ನಡೆಯುತ್ತದೆ.

ಸೇರುವುದು ಹೇಗೆ ಅಂದರೆ, ರೇಸ್ ನಡೆಸುವ ಕ್ಲಬ್‌ಗೇ ಬರೆಯಬೇಕು. 18 ತುಂಬಿರಬೇಕು, ಕಣ್ಣು ಕಿವಿ ಚೆನ್ನಾಗಿರಬೇಕು, ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲಿ ನಿಲ್ಲುವ ಶಕ್ತಿ ಇರಬೇಕು. ಬೈಕ್ ಓಡಿಸಲು ಬರಬೇಕು ಅಂತೇನಿಲ್ಲ. ದುಡ್ಡು ಮಾಡುವ ಯೋಚನೆ ಇದ್ದರೆ ಬೇಡ, ಇದು ಇಷ್ಟಪಟ್ಟು ಮಾಡುವ ಕೆಲಸ.

ತರಬೇತಿಯಲ್ಲಿ ಮೊದಲು ಹೇಳಿಕೊಡುವುದು ಬಾವುಟ. ಹಳದಿ ಒಂದು ಬೀಸಿದರೆ ಮುಂದೆ ಅಪಾಯ ಇದೆ, ನಿಧಾನ ಮಾಡು, ಯಾರನ್ನೂ ದಾಟಬೇಡ. ಹಳದಿ ಎರಡು ಬೀಸಿದರೆ ಟ್ರ್ಯಾಕ್‌ಗೆ ಏನೋ ಅಡ್ಡ ಬಿದ್ದಿದೆ ಅಥವಾ ಅಲ್ಲಿ ನಮ್ಮವರು ಕೆಲಸ ಮಾಡುತ್ತಿದ್ದಾರೆ, ನಿಲ್ಲಿಸಲೂ ತಯಾರಾಗಿರು. ಹಳದಿ ಮೇಲೆ ಕೆಂಪು ಪಟ್ಟಿ ಇದ್ದರೆ ಎಣ್ಣೆಯೋ ನೀರೋ ಚೆಲ್ಲಿದೆ, ಜಾರುತ್ತದೆ. ನೀಲಿ ಬೀಸಿದರೆ ಹಿಂದಿನಿಂದ ವೇಗದವರು ಬರುತ್ತಿದ್ದಾರೆ. ಬಿಳಿ ಅಂದರೆ ಮುಂದೆ ನಿಧಾನದ ಗಾಡಿ ಇದೆ. ಹಸಿರು ಅಂದರೆ ಇಲ್ಲಿಂದ ಮುಂದೆ ದಾರಿ ಸರಿ ಇದೆ. ರೇಸ್ ನಿಲ್ಲಿಸುವ ಕೆಂಪು ಮಾತ್ರ ನಮ್ಮ ಕೈಲಿಲ್ಲ, ರೇಸ್ ಕಂಟ್ರೋಲ್, ಅಂದರೆ ರೇಸ್ ನಡೆಸುವ ಅಧಿಕಾರಿಗಳು ಹೇಳಿದರೆ ಮಾತ್ರ ಎತ್ತಬೇಕು. ನಾವು ನಿಲ್ಲುವ ಜಾಗಕ್ಕೆ ಪೋಸ್ಟ್ ಅನ್ನುತ್ತಾರೆ. ಒಂದು ಪೋಸ್ಟ್‌ನಿಂದ ಇನ್ನೊಂದಕ್ಕೆ 500 ಮೀಟರ್‌ಗಿಂತ ದೂರ ಇರಬಾರದು, ಹಿಂದಿನವರಿಗೂ ಮುಂದಿನವರಿಗೂ ನಾವು ಕಾಣಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ.

ಪೇಪರ್ ಮೇಲೆ ಇಷ್ಟೇ. ನಿಂತಾಗಲೇ ಗೊತ್ತಾಗುವುದು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತೇವೆ. ನೀಲಿ ಹಿಡಿದವರು ಬರುವ ಗಾಡಿಗಳ ಕಡೆ ನೋಡುತ್ತಾರೆ. ಹಳದಿ ಹಿಡಿದವರು ಗಾಡಿಗಳು ಹೋಗುವ ಕಡೆ ನೋಡುತ್ತಾರೆ. ಅಂದರೆ ಹಳದಿಯವರು ಬರುವ ಗಾಡಿಗಳಿಗೆ ಬೆನ್ನು ಹಾಕಿರುತ್ತಾರೆ, ಅವರ ಜೀವ ನೀಲಿಯವರ ಕಣ್ಣಲ್ಲಿ ಇರುತ್ತದೆ. ಏನಾದರೂ ನಮ್ಮ ಕಡೆ ನುಗ್ಗಿ ಬಂದರೆ ಕೂಗಿ, ಶರ್ಟ್ ಹಿಡಿದು ಎಳೆಯುವುದು ನೀಲಿಯವರೇ. ಪರಿಚಯವೇ ಇಲ್ಲದವರ ಮೇಲೆ ಬೆಳಗ್ಗೆ ಎಂಟು ಗಂಟೆಯಿಂದ ಅಷ್ಟು ನಂಬಿಕೆ ಇಟ್ಟು ನಿಲ್ಲುವ ಕೆಲಸ ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ನಮ್ಮ ಪೋಸ್ಟ್ ಚೀಫ್ ಚೆನ್ನೈನವರು, ವಯಸ್ಸಾದವರು, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತೇವೆ. ಅವರು ಕಲಿಸಿದ್ದು ಒಂದೇ ಮಾತು: 'ತಂಬಿ, ಬೈಕ್ ನೋಡಬೇಡ, ಜಾಗ ನೋಡು.' ಬೈಕ್ ಹಿಂದೆ ಕಣ್ಣು ಹೋದರೆ ನಮ್ಮ ತಿರುವು ಖಾಲಿ ಬಿಟ್ಟಂತೆ. ಮುಂದಿನ ತಿರುವಿನಲ್ಲಿ ಎಷ್ಟೇ ಚೆಂದದ ಓವರ್‌ಟೇಕ್ ನಡೆಯಲಿ, ತಿರುಗಿ ನೋಡಬಾರದು. ಅದು ಅಲ್ಲಿನವರ ಜಾಗ.

ಒಂದು ಬೈಕ್ ರೇಸ್‌ನಲ್ಲಿ ಆಗಿದ್ದು ಹೇಳುತ್ತೇನೆ. ಗುಂಪು ಬ್ರೇಕ್ ಹಾಕಿ ತಿರುವಿಗೆ ಬಂತು, ಒಳಗಡೆ ಇದ್ದ ಸವಾರನ ಮುಂದಿನ ಚಕ್ರ ಜಾರಿತು. ಮೊದಲು ಕೇಳಿಸಿದ್ದು ಪ್ಲಾಸ್ಟಿಕ್ ರಸ್ತೆಗೆ ಉಜ್ಜುವ ಕರ್ರ್ ಅನ್ನುವ ಸದ್ದು. ಅಷ್ಟರಲ್ಲಿ ಹಳದಿ ಮೇಲೆದ್ದಿತ್ತು. ಸವಾರ ಉರುಳಿ ಟ್ರ್ಯಾಕ್ ಪಕ್ಕದ ಜಲ್ಲಿಗೆ ಬಂದು ಎದ್ದು ನಿಂತ, ಬೈಕ್ ಟ್ರ್ಯಾಕ್ ಅಂಚಿನಲ್ಲೇ ಉಳಿಯಿತು, ಎಂಜಿನ್ ಇನ್ನೂ ಓಡುತ್ತಿತ್ತು. ಅಣ್ಣ ರೇಡಿಯೋದಲ್ಲಿ ಪೋಸ್ಟ್ ನಂಬರ್, ಬೈಕ್ ನಂಬರ್, ಸವಾರ ಎದ್ದಿದ್ದಾನೆ, ಬೈಕ್ ತೆಗೆಯಬೇಕು ಅಂತ ನಾಲ್ಕೇ ಮಾತಲ್ಲಿ ಮುಗಿಸಿದರು. ಹಳದಿ ಎರಡಾಯಿತು. ಅವರು ಕೈ ಮಾಡಿದ ಮೇಲೆಯೇ ನಾವಿಬ್ಬರು ತಡೆಗೋಡೆ ದಾಟಿದ್ದು. ಒಬ್ಬರು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿದರು, ನಾನು ಹಿಂದಿನ ಕಡೆ ಹಿಡಿದೆ. ಸೈಲೆನ್ಸರ್ ಪಕ್ಕ ಕೈ ಇಟ್ಟರೆ ಗ್ಲೌಸ್ ಒಳಗೂ ಸುಡುತ್ತದೆ. ಜಲ್ಲಿಯಲ್ಲಿ ಬೈಕ್ ತಳ್ಳಿದರೆ ಚಕ್ರ ಹೂತುಕೊಳ್ಳುತ್ತದೆ, ಅದಕ್ಕೆ ಎತ್ತಿ ಎತ್ತಿ ಎಳೆಯಬೇಕು. ಎರಡು ನಿಮಿಷ ಆಗುವಷ್ಟರಲ್ಲಿ ಅದೇ ಗುಂಪು ಮತ್ತೆ ಬರುತ್ತದೆ ಅಂತ ಗೊತ್ತಿರುತ್ತದೆ, ಸದ್ದು ಹತ್ತಿರ ಬರುವುದೂ ಕೇಳಿಸುತ್ತದೆ. ಮುರಿದ ಲಿವರ್, ಬೆರಳಷ್ಟು ಅಗಲದ ಫೈಬರ್ ಚೂರುಗಳು ಎಲ್ಲವನ್ನೂ ಆಯ್ದು ಗೋಡೆ ಹಿಂದೆ ಬಂದೆವು. ಬಾವುಟ ಇಳಿಯಿತು. ಗುಂಪು ಹೋಯಿತು. ಚಪ್ಪಾಳೆ ಇಲ್ಲ, ಯಾರೂ ನಮ್ಮ ಕಡೆ ನೋಡಲಿಲ್ಲ. ಅವತ್ತಿನ ಖುಷಿ ನನಗೆ ಇವತ್ತಿಗೂ ಇದೆ.

ಬಿದ್ದವರು ಏಳದೇ ಇದ್ದರೆ ಕಥೆ ಬೇರೆ. ಹೆಲ್ಮೆಟ್ ಮುಟ್ಟಬಾರದು, ಎಳೆದು ಕೂರಿಸಬಾರದು, ನೀರು ಕುಡಿಸಬಾರದು. ಡಾಕ್ಟರ್ ಬರುವವರೆಗೆ ಅವರ ಸುತ್ತ ಜಾಗ ಕಾಯುವುದು ಮಾತ್ರ ನಮ್ಮ ಕೆಲಸ. ನಮ್ಮ ಹೈವೇಗಳಲ್ಲಿ ಆಕ್ಸಿಡೆಂಟ್ ಆದಾಗ ಜನ ಓಡಿಬಂದು ಮೊದಲು ಮಾಡುವುದೇ ಇವನ್ನೆಲ್ಲ, ಅಲ್ವಾ? ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಎಳೆದಾಗ ಅದು ಇನ್ನೂ ಹಾಳಾಗುತ್ತದೆ. ಇದೊಂದು ಕಲಿತಿದ್ದಕ್ಕೇ ತರಬೇತಿ ಸಾರ್ಥಕ.

ಬೆಂಕಿ ಆರಿಸುವುದನ್ನೂ ಕೈಗೆ ಸಿಲಿಂಡರ್ ಕೊಟ್ಟೇ ಕಲಿಸುತ್ತಾರೆ. ಗಾಳಿ ಬೆನ್ನಿಗೆ ಇರಬೇಕು, ಉರಿಯ ತುದಿಗೆ ಅಲ್ಲ ಬುಡಕ್ಕೆ ಹೊಡೆಯಬೇಕು. ಬಟ್ಟೆ ಹತ್ತಿಯದೇ ಆಗಿರಬೇಕು ಅನ್ನುವುದೂ ಇದಕ್ಕೇ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಹೊಸಬರು ಗೊಣಗುತ್ತಾರೆ. 1977ರ ದಕ್ಷಿಣ ಆಫ್ರಿಕಾ ಗ್ರ್ಯಾನ್ ಪ್ರಿ ಬಗ್ಗೆ ಓದಿ. ಕ್ಯಾಲಾಮಿ ಟ್ರ್ಯಾಕ್‌ನಲ್ಲಿ ಕಾರೊಂದು ಪಕ್ಕಕ್ಕೆ ನಿಂತು ಸಣ್ಣ ಬೆಂಕಿ ಕಾಣಿಸಿತು. ಇಬ್ಬರು ಮಾರ್ಷಲ್‌ಗಳು ಟ್ರ್ಯಾಕ್ ದಾಟಿ ಓಡಿದರು. ಅವರಲ್ಲಿ ಒಬ್ಬ, ಫ್ರೆಡೆರಿಕ್ ಯಾನ್ಸನ್ ವಾನ್ ವ್ಯೂರನ್, 19 ವರ್ಷದ ಹುಡುಗ, ಕೈಲಿ ಬೆಂಕಿ ಆರಿಸುವ ಸಿಲಿಂಡರ್. ಏರು ದಾಟಿ ಬಂದ ರೇಸರ್ ಟಾಮ್ ಪ್ರೈಸ್ ಕಾರು ಅವನಿಗೆ ಬಡಿಯಿತು. ಸಿಲಿಂಡರ್ ಪ್ರೈಸ್ ತಲೆಗೆ ಬಡಿದು ಇಬ್ಬರೂ ಅಲ್ಲೇ ಸತ್ತರು. ಆಮೇಲೆ 2000ದಲ್ಲಿ ಇಟಲಿಯ ಮೊಂಜಾದಲ್ಲಿ, 2001ರಲ್ಲಿ ಮೆಲ್ಬರ್ನ್‌ನಲ್ಲಿ ಕಾರಿನಿಂದ ಕಿತ್ತು ಬಂದ ಚಕ್ರ ಬಡಿದು ಒಬ್ಬೊಬ್ಬ ಮಾರ್ಷಲ್ ಸತ್ತರು. 2013ರಲ್ಲಿ ಕೆನಡಾದಲ್ಲಿ ರೇಸ್ ಮುಗಿದ ಮೇಲೆ, ಕಾರು ಸಾಗಿಸುತ್ತಿದ್ದ ಗಾಡಿಯ ಕೆಳಗೆ ಸಿಕ್ಕಿ ಇನ್ನೊಬ್ಬರು ಹೋದರು. 2014ರಲ್ಲಿ ಜಪಾನಿನ ಸುಜುಕಾದಲ್ಲಿ ಎರಡು ಹಳದಿ ಬೀಸುತ್ತಿದ್ದಾಗಲೇ ರೇಸರ್ ಜೂಲ್ಸ್ ಬಿಯಾಂಕಿ ಕಾರು ಜಾರಿ ಬಂದು, ಇನ್ನೊಂದು ಕಾರು ಎತ್ತುತ್ತಿದ್ದ ಟ್ರ್ಯಾಕ್ಟರ್‌ಗೆ ಗುದ್ದಿತು. ಅವನೂ ಉಳಿಯಲಿಲ್ಲ. ಇದಾದ ಮೇಲೆಯೇ 2015ರಲ್ಲಿ ಎಲ್ಲರನ್ನೂ ಒಟ್ಟಿಗೆ ನಿಧಾನ ಮಾಡಿಸುವ ವರ್ಚುವಲ್ ಸೇಫ್ಟಿ ಕಾರ್ ಅನ್ನುವ ನಿಯಮ ಬಂದಿದ್ದು. 'ಅಣ್ಣ ಕೈ ಮಾಡದೆ ಗೋಡೆ ದಾಟಬೇಡ' ಅನ್ನುವ ಮಾತಿನ ಹಿಂದೆ ಇಷ್ಟು ಸಾವುಗಳಿವೆ.

ಎಲ್ಲ ದಿನವೂ ಹೀಗೆ ಎದೆ ಹೊಡೆದುಕೊಳ್ಳುವ ಕೆಲಸ ಇರುವುದಿಲ್ಲ. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಮ್ಮ ದೇಶದ ಮೊದಲ ಫಾರ್ಮುಲಾ ಒನ್ ನಡೆದಾಗ ಮೊದಲ ಪ್ರಾಕ್ಟೀಸ್ ನಿಲ್ಲಿಸಬೇಕಾಗಿ ಬಂದದ್ದು ಟ್ರ್ಯಾಕ್‌ಗೆ ನಾಯಿ ನುಗ್ಗಿದ್ದಕ್ಕೆ. ನಾಯಿ ಓಡಿಸುವುದೂ, ಪೊರಕೆ ಹಿಡಿದು ಜಲ್ಲಿ ಗುಡಿಸುವುದೂ, ಎಣ್ಣೆ ಮೇಲೆ ಪುಡಿ ಹಾಕಿ ಉಜ್ಜುವುದೂ ಮಾರ್ಷಲ್ ಕೆಲಸವೇ. ರೇಸ್ ಮಧ್ಯೆ ಬಿಡುವು ಸಿಕ್ಕರೆ ಮೊದಲು ಕೈಗೆ ಬರುವುದು ಪೊರಕೆ.

ಬಿಸಿಲಿನ ಬಗ್ಗೆ ಗಂಭೀರವಾಗಿ ಹೇಳುತ್ತೇನೆ. ಕೋಲಾರದ್ದು ಒಣ ಬಿಸಿಲು, ನೆರಳಿಗೆ ಹೋದರೆ ಸಾಕು. ಚೆನ್ನೈ ಕಡೆ ನೆರಳಲ್ಲೂ ಬೆವರು ನಿಲ್ಲುವುದಿಲ್ಲ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಪೊಟ್ಟಣ ಜೇಬಲ್ಲಿರಲಿ. ಮಧ್ಯಾಹ್ನ ಪೋಸ್ಟ್‌ಗೇ ಪೊಟ್ಟಣದ ಊಟ ಬರುತ್ತದೆ, ಮೊಸರನ್ನ ಸಿಕ್ಕ ದಿನ ಹಬ್ಬ. ಸದ್ದಿಗೆ ಇಯರ್‌ಪ್ಲಗ್ ಬೇಕೇ ಬೇಕು.

ಈಗ ಆ ಅರ್ಧ ಸ್ಟಾರ್. ಇದು ಇರುಂಗಾಟ್ಟುಕೋಟೈನದ್ದಲ್ಲ. ಬೇರೊಂದು ಕಡೆ ಒಂದು ಸಣ್ಣ ಸ್ಪರ್ಧೆಗೆ ಹೋಗಿದ್ದೆ, ಹೆಸರು ಬೇಡ. ಅಲ್ಲಿ ಬೆಳಗ್ಗೆ ಬ್ರೀಫಿಂಗ್ ಅಂತ ಏನೂ ಇರಲಿಲ್ಲ, ಕೈಗೆ ಒಂದು ಬಾವುಟ ಕೊಟ್ಟು 'ಅಲ್ಲಿ ನಿಂತುಕೊಳ್ಳಿ' ಅಂದರು. ರೇಡಿಯೋ ಇರಲಿಲ್ಲ. ಇನ್ಶೂರೆನ್ಸ್ ಇದೆಯಾ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಪ್ರೇಕ್ಷಕರು ಮೊಬೈಲ್ ಹಿಡಿದು ಟ್ರ್ಯಾಕ್ ಅಂಚಿಗೇ ಬಂದು ನಿಲ್ಲುತ್ತಿದ್ದರು, ಅವರನ್ನು ಹಿಂದೆ ಕಳಿಸುವುದರಲ್ಲೇ ದಿನ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ನನಗೆ ಅವತ್ತು ತುಂಬಾ ಕೋಪ ಬಂದಿತ್ತು. ಪುಕ್ಕಟೆ ಬಂದವರು ಅಂತ ಅವರ ಜೀವ ಅಗ್ಗ ಆಗಬಾರದು. ಅದಕ್ಕೇ ಹೇಳುವುದು, ಎಲ್ಲಿಗೇ ಹೋಗಿ, ಒಪ್ಪಿಕೊಳ್ಳುವ ಮುಂಚೆ ಕೇಳಿ: ಸ್ಪರ್ಧೆಗೆ ದೇಶದ ಮೋಟಾರ್ ರೇಸ್ ನೋಡಿಕೊಳ್ಳುವ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಅನುಮತಿ ಇದೆಯಾ, ಬ್ರೀಫಿಂಗ್ ಎಷ್ಟು ಗಂಟೆಗೆ, ಮಾರ್ಷಲ್‌ಗಳಿಗೆ ಇನ್ಶೂರೆನ್ಸ್ ಇದೆಯಾ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ. ಉತ್ತರ ತಡವರಿಸಿದರೆ ವಾಪಸ್ ಬನ್ನಿ. ಸಂಕೋಚ ಬೇಡ.

ಯಾರಿಗೆ ಈ ಕೆಲಸ ಹೇಳಿದ್ದು? ನನ್ನ ಪ್ರಕಾರ ರಾತ್ರಿ ಹೈವೇಯಲ್ಲಿ ವೀಲಿಂಗ್ ಮಾಡುವ ಹುಡುಗರನ್ನು ಒಂದು ಸಲ ಕರೆದುಕೊಂಡು ಹೋಗಬೇಕು. ಲೆದರ್ ಸೂಟು, ಜಲ್ಲಿ, ಟೈರ್ ಗೋಡೆ, ಡಾಕ್ಟರ್ ಎಲ್ಲ ಇದ್ದೂ ಬಿದ್ದವರು ಹೇಗೆ ನರಳುತ್ತಾರೆ ಅಂತ ಹತ್ತಿರದಿಂದ ನೋಡಿದ ನನ್ನ ಗೆಳೆಯನೊಬ್ಬ ಊರಿಗೆ ಬಂದವನೇ ಒಳ್ಳೇ ಹೆಲ್ಮೆಟ್ ಕೊಂಡ. ಹೆಣ್ಣುಮಕ್ಕಳೂ ಬರುತ್ತಾರೆ, ಬರಬೇಕು. ನಮ್ಮ ಪೋಸ್ಟ್‌ನಲ್ಲಿ ಅತಿ ಚುರುಕಾಗಿ ನೀಲಿ ಬೀಸುತ್ತಿದ್ದವರು ಒಬ್ಬ ಕಾಲೇಜು ಹುಡುಗಿ. ಫೋಟೋ, ರೀಲ್ಸ್ ಆಸೆಗೆ ಬರುವವರು ಮಾತ್ರ ದಯವಿಟ್ಟು ಬರಬೇಡಿ. ಪೋಸ್ಟ್‌ನಲ್ಲಿ ಫೋನ್ ತೆಗೆದರೆ ಪಕ್ಕದವರ ಜೀವದ ಜೊತೆ ಆಟ ಆಡಿದಂತೆ.

ಹೊರಡುವವರಿಗೆ ಕೊನೆಯದಾಗಿ: ತುಂಬು ತೋಳಿನ ಹತ್ತಿ ಶರ್ಟ್, ಹತ್ತಿ ಪ್ಯಾಂಟ್. ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ಬೇಡವೇ ಬೇಡ, ದೂರದಿಂದ ಬಾವುಟ ಅಂತ ಕಾಣುತ್ತದೆ. ಟೋಪಿ ಇರಲಿ, ಗಾಳಿಗೆ ಹಾರದ ಹಾಗೆ ದಾರ ಇರಲಿ. ಚರ್ಮದ ಗ್ಲೌಸ್ ಸ್ವಂತದ್ದೇ ತನ್ನಿ. ಶೂ ಗಟ್ಟಿಯಾಗಿರಲಿ, ಆದರೆ ಹೊಸದು ಹಾಕಿಕೊಂಡು ಬರಬೇಡಿ. ಟೈರ್‌ಗಳಿಂದ ಕಿತ್ತು ಬಂದ ರಬ್ಬರ್ ಚೂರು ಅಟ್ಟೆಗೆಲ್ಲ ಅಂಟಿಕೊಳ್ಳುತ್ತದೆ, ಚಾಕುವಿನಲ್ಲಿ ಕೆರೆದರೂ ಪೂರ್ತಿ ಹೋಗುವುದಿಲ್ಲ.