ಶಿರಾಡಿ, ಚಾರ್ಮಾಡಿ, ಆಗುಂಬೆ: ಬೈಕಲ್ಲಿ ಇಳಿಯೋಕೆ ಯಾವ್ದು, ಹತ್ತೋಕೆ ಯಾವ್ದು?

ಬೆಂಗಳೂರಿಂದ ಕರಾವಳಿ ಕಡೆ ಬೈಕಲ್ಲಿ ಹೊರಟ್ವಿ ಅಂದ್ರೆ ಸಾಕು, ಯಾವ ಘಾಟಿ ಗುರು ಅಂತ ಕೇಳೋರೇ ಎಲ್ರೂ. ನಾವು ನಾಲ್ಕು ಜನ, ಮೂರು ಬೈಕು, ಎರಡು ವರ್ಷದಲ್ಲಿ ಈ ಮೂರೂ ಘಾಟಿ ಹತ್ತಿದ್ದೂ ಆಯ್ತು ಇಳಿದಿದ್ದೂ ಆಯ್ತು. ಸಂಪಾಜೆ, ಬಿಸಿಲೆ ಇನ್ನೂ ನೋಡಿಲ್ಲ, ಅದಕ್ಕೇ ಅದರ ಸುದ್ದಿಗೆ ಹೋಗಲ್ಲ. ನಂಗೆ ಅರ್ಥ ಆಗಿದ್ದು ಏನಂದ್ರೆ, ಯಾವ ಘಾಟಿ ಅಂತ ಕೇಳಿದ್ರೆ ಸಾಲಲ್ಲ, ಇಳಿಯೋಕಾ ಹತ್ತೋಕಾ ಅಂತ ಮೊದ್ಲು ಹೇಳ್ಬೇಕು.

ಮೊದ್ಲು ಶಿರಾಡಿ ಮುಗಿಸಿಬಿಡ್ತೀನಿ, ಯಾಕಂದ್ರೆ ಹೇಳೋಕೆ ಜಾಸ್ತಿ ಇಲ್ಲ. ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ಕುಣಿಗಲ್, ಹಾಸನ, ಸಕಲೇಶಪುರ, ಆಮೇಲೆ ಸೀದಾ ಗುಂಡ್ಯಕ್ಕೆ ಇಳಿಯೋದು, ಮಂಗಳೂರಿಗೆ ಒಟ್ಟು ಸುಮಾರು 350 ಕಿಮೀ. ಕಾರಿಗೆ ಬಸ್ಸಿಗೆ ಇದೇ ಸರಿ. 2015ರಲ್ಲಿ ಒಂದಷ್ಟು, 2018ರಲ್ಲಿ ಒಂದಷ್ಟು ಕಾಂಕ್ರೀಟ್ ಹಾಕಿದಾರೆ, ಅಗಲ ಇದೆ, ಗುಂಡಿ ಕಮ್ಮಿ. ಆದ್ರೆ ಬೈಕಲ್ಲಿ ಹೋಗೋರಿಗೆ ಕಾಣೋದು ಟ್ಯಾಂಕರ್ ಹಿಂದುಗಡೆ ಮಾತ್ರ. ಮಂಗಳೂರು ಕಡೆಯಿಂದ ಬರೋ ಗ್ಯಾಸ್ ಟ್ಯಾಂಕರ್, ಲಾರಿ, ಸ್ಲೀಪರ್ ಬಸ್ಸು ಎಲ್ಲಾ ಇದರಲ್ಲೇ. ಜುಲೈನಲ್ಲಿ ಒಂದ್ಸಲ ಹತ್ತುವಾಗ ಲಾರಿ ಚಕ್ರದಿಂದ ಏಳೋ ಕೆಂಪು ನೀರು ವೈಸರ್ ಮೇಲೆ ಬೀಳೋದು, ಗ್ಲೌಸಲ್ಲಿ ಒರೆಸಿದ್ರೆ ಇನ್ನೂ ರಾಡಿ ಆಗೋದು, ವೈಸರ್ ಎತ್ತಿದ್ರೆ ಕಣ್ಣಿಗೆ ಮಳೆ ಸೂಜಿ ಥರ ಚುಚ್ಚೋದು, ಹಂಗೇ ಮಾರನಹಳ್ಳಿವರೆಗೂ ಬಂದ್ವಿ. ಪಕ್ಕದಲ್ಲೇ ಕೆಂಪುಹೊಳೆ ಹರೀತಿರುತ್ತೆ, ಅದರ ಸದ್ದು ಒಂದು ಸಲನೂ ಕೇಳಲಿಲ್ಲ. ಬೇಗ ಮನೆ ಸೇರ್ಬೇಕು, ಹಗಲು ಹೊತ್ತು, ಮಳೆ ಇಲ್ಲ ಅಂದ್ರೆ ಮಾತ್ರ ಶಿರಾಡಿ.

ಚಾರ್ಮಾಡಿಗೂ ಹಾಸನದವರೆಗೆ ಅದೇ ರೋಡು. ಟೋಲಲ್ಲಿ ಬೈಕಿಗೆ ದುಡ್ಡಿಲ್ಲ, ಕಾರಿನವರು ಕ್ಯೂನಲ್ಲಿ ನಿಂತಿರುವಾಗ ಪಕ್ಕದ ಸಂದಿಯಲ್ಲಿ ನುಸುಳೋ ಖುಷಿನೇ ಬೇರೆ ಬಿಡಿ. ಹಾಸನದಿಂದ ಬೇಲೂರು, ಮೂಡಿಗೆರೆ, ಆಮೇಲೆ ಘಾಟಿ ಶುರುವಾಗೋ ಕೊಟ್ಟಿಗೆಹಾರ, ಅಲ್ಲಿಗೆ ಬೆಂಗಳೂರಿಂದ ಸುಮಾರು 280 ಕಿಮೀ ಆಗುತ್ತೆ. ಬೆಳಗ್ಗೆ ನಾಲ್ಕೂವರೆಗೆ ಗೊರಗುಂಟೆಪಾಳ್ಯ ಸಿಗ್ನಲ್ ದಾಟಿದ್ರೆ (ಐದೂವರೆ ಆದ್ರೆ ಲಾರಿ ಮಧ್ಯೆ ಸಿಕ್ಕಾಕೊಂಡ್ರಿ ಅಂತಲೇ ಲೆಕ್ಕ) ಹತ್ತೂವರೆಗೆಲ್ಲಾ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ಮುಂದೆ ಕೂತಿರ್ತೀರ. ಅಷ್ಟೊತ್ತಿಗೆ ಮಂಜೂ ಸ್ವಲ್ಪ ಬಿಟ್ಟಿರುತ್ತೆ.

ಈ ಘಾಟಿ ನಂಗೆ ಇಳಿಯೋಕೆ ಇಷ್ಟ. ತಿರುವು ಜಾಸ್ತಿ, ಆದ್ರೆ ಆಗುಂಬೆ ಥರ ಒಂದರ ಮೇಲೊಂದು ಮಡಚಿಕೊಂಡಿಲ್ಲ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ನಿಧಾನಕ್ಕೆ ಹರಡ್ಕೊಂಡು ಇಳಿಯುತ್ತೆ, ಎದುರುಗಡೆ ಬೆಟ್ಟದ ಸಾಲು ಕಾಣ್ತಾನೇ ಇರುತ್ತೆ. ಹತ್ತುವಾಗ ಅದೆಲ್ಲಾ ಬೆನ್ನಿಗೆ ಬೀಳುತ್ತೆ. ಆದ್ರೆ ಇಳಿಯೋದು ಕಲಿತಿರ್ಬೇಕು. ನಮ್ಮಲ್ಲಿ ಒಬ್ಬನದ್ದು ಹಳೇ 150 ಸಿಸಿ, ಹಿಂದೆ ಡ್ರಮ್ ಬ್ರೇಕು, ಹಿಂದಿನ ಸೀಟಲ್ಲಿ ನಾಲ್ಕನೆಯವನು, ಮೇಲೆ ಎಲ್ಲರ ಬ್ಯಾಗು. ಮೈಲೇಜ್ ಸಿಗುತ್ತೆ ಅಂತ ನಾಲ್ಕನೇ ಗೇರಲ್ಲೇ ಬಿಟ್ಕೊಂಡು ಬ್ರೇಕ್ ಮೇಲೆ ಕಾಲಿಟ್ಟೇ ಇಳೀತಿದ್ದ. ಅಣ್ಣಪ್ಪಸ್ವಾಮಿ ಗುಡಿ ಹತ್ರ ಬರೋ ಹೊತ್ತಿಗೆ ಸುಟ್ಟ ವಾಸನೆ. ನಿಲ್ಲಿಸಿ ನೋಡಿದ್ರೆ ಡ್ರಮ್ಮು ಮುಟ್ಟೋಕಾಗ್ತಿಲ್ಲ, ಮುಂದಿನ ಲಿವರ್ ಒತ್ತಿದ್ರೆ ಹ್ಯಾಂಡಲ್‌ವರೆಗೂ ಬರ್ತಿದೆ. ಅವನು ಬಾಟಲಿ ನೀರು ಸುರಿಯೋಕೆ ಹೋದ, ಹಾಸನದ ಗೆಳೆಯ ಕೈ ಹಿಡ್ಕೊಂಡು ‘ಲೇ, ಕಾದ ಡ್ರಮ್ಮಿಗೆ ನೀರ್ ಹಾಕ್ತಾರೇನೋ, ಸೀಳ್ಕೊಳ್ಳುತ್ತೆ, ಸುಮ್ನೆ ಕೂತ್ಕೊ’ ಅಂತ ಬೈದ. ಅರ್ಧ ಗಂಟೆ ಕೂತ್ವಿ. ಅಷ್ಟರಲ್ಲಿ ಕೋತಿಗಳು ಟ್ಯಾಂಕ್ ಬ್ಯಾಗಿನ ಜಿಪ್ ತೆಗೆದು ಚಿಕ್ಕಿ ಪ್ಯಾಕೆಟ್ ಎತ್ಕೊಂಡು ಹೋದ್ವು, ಜಿಪ್ ತೆಗೆಯೋದು ನಮಗಿಂತ ನೀಟಾಗಿ ಗೊತ್ತು ಅವಕ್ಕೆ. ಆಮೇಲೆ ಎರಡನೇ ಗೇರಲ್ಲಿ ಇಳಿಸಿದ್ವಿ, ಇಂಜಿನ್ನೇ ಹಿಡ್ಕೊಳ್ಳುತ್ತೆ, ಬ್ರೇಕು ತಿರುವಿಗೆ ಮಾತ್ರ. ಹತ್ತೋ ಗೇರಲ್ಲೇ ಇಳೀಬೇಕು ಅಂತ ಡ್ರೈವರ್‌ಗಳು ಹೇಳೋದು ಇದನ್ನೇ. ಇಳಿದು ಉಜಿರೆಯಿಂದ ಧರ್ಮಸ್ಥಳ ಹತ್ತೇ ಕಿಲೋಮೀಟರ್, ದರ್ಶನ ಮುಗಿಸಿ ಅನ್ನಪೂರ್ಣ ಛತ್ರದಲ್ಲಿ ಊಟ ಮಾಡಿದ್ರೆ ಬ್ರೇಕು ಮರೆತೇ ಹೋಗುತ್ತೆ.

ಆಗುಂಬೆ ಕಥೆ ಉಲ್ಟಾ. ಬೆಂಗಳೂರಿಂದ ತುಮಕೂರು, ಅರಸೀಕೆರೆ, ಶಿವಮೊಗ್ಗ, ತೀರ್ಥಹಳ್ಳಿ ಅಂತ ಬಂದ್ರೆ 350 ಕಿಮೀ ಹತ್ರ, ಬರೋವಷ್ಟ್ರಲ್ಲಿ ಬೆನ್ನು ಹೋಗಿರುತ್ತೆ. ಸಂಜೆ ಸೂರ್ಯಾಸ್ತ ನೋಡ್ಕೊಂಡು ಕತ್ತಲಲ್ಲಿ ಘಾಟಿ ಬುಡದ ಸೋಮೇಶ್ವರಕ್ಕೆ ಇಳಿದ್ವಿ ಮೊದಲನೇ ಸಲ, ಅಂಥ ತಪ್ಪು ಮಾಡ್ಬೇಡಿ. 14 ಹೇರ್‌ಪಿನ್ ತಿರುವು (ನಾನು ಎಣಿಸಿದಾಗ 13 ಬಂತು, ಹಿಂದೆ ಕೂತವನಿಗೆ 15), ಎದುರಿಗೆ ಮಿನಿ ಬಸ್ ಬಂದ್ರೆ ಪೂರ್ತಿ ರಸ್ತೆ ಅದಕ್ಕೇ ಬೇಕು, ಲೈಟು ಕಣ್ಣಿಗೆ ಹೊಡೆದು ಒಳಗಿನ ಅಂಚು ಎಲ್ಲಿದೆ ಅಂತ ಗೊತ್ತಾಗಲ್ಲ.

ಅದೇ ಘಾಟಿನ ಮುಂದಿನ ಸಲ ಉಡುಪಿ ಕಡೆಯಿಂದ ಹತ್ತಿದ್ವಿ. ಮಧ್ಯಾಹ್ನ ಊಟ ಮಾಡ್ಕೊಂಡು ಹೆಬ್ರಿ ಮೇಲೆ ಬಂದ್ರೆ 55 ಕಿಮೀ ಅಷ್ಟೇ, ಮೈಯಲ್ಲಿ ದಣಿವಿಲ್ಲ. ದೊಡ್ಡ ಲಾರಿ ಬಿಡಲ್ಲ ಈ ದಾರಿಲಿ, ಅದೊಂದು ಪುಣ್ಯ. ತಿರುವಿನ ಒಳಗಡೆ ಏರು ಜಾಸ್ತಿ, ಅಲ್ಲಿ ಕತ್ತರಿಸೋಕೆ ಹೋದ್ರೆ ಬೈಕು ಉಸಿರು ಬಿಟ್ಟು ಆಫ್ ಆಗುತ್ತೆ, ಹಾರ್ನ್ ಹೊಡ್ಕೊಂಡು ನಮ್ಮ ಕಡೆಯಲ್ಲೇ ಅಗಲಕ್ಕೆ ತಗೊಂಡು ಒಂದನೇ ಗೇರಲ್ಲಿ ಎಳೀಬೇಕು. ಒಂದೊಂದು ತಿರುವಿಗೂ ಗಾಳಿ ತಣ್ಣಗಾಗ್ತಾ ಬರುತ್ತೆ, ಕರಾವಳಿ ಬೆವರು ಹಂಗೇ ಆರುತ್ತೆ. ಮೇಲೆ ಬರೋ ಹೊತ್ತಿಗೆ ಸರಿಯಾಗಿ ಸೂರ್ಯ ಇಳೀತಿರ್ತಾನೆ, ಚಳಿಗಾಲದಲ್ಲಿ ಆಕಾಶ ಕ್ಲಿಯರ್ ಇದ್ರೆ ದೂರದಲ್ಲಿ ಸಮುದ್ರ ಕೂಡ ಕಾಣುತ್ತೆ. ಮಳೆಗಾಲದಲ್ಲಿ ಏನೂ ಕಾಣಲ್ಲ, ವರ್ಷಕ್ಕೆ 7000 ಮಿಮೀ ಮಳೆ ಬೀಳೋ ಊರದು.

ಹಂಗಾಗಿ ಈಗ ನಮ್ಮ ಪ್ಲಾನ್ ಫಿಕ್ಸು. ಚಾರ್ಮಾಡಿ ಇಳಿದು ಧರ್ಮಸ್ಥಳ, ಕಾರ್ಕಳ ಮೇಲೆ ಉಡುಪಿ, ರಾತ್ರಿ ಅಲ್ಲೇ, ಮರುದಿನ ಆಗುಂಬೆ ಹತ್ತಿ ತೀರ್ಥಹಳ್ಳಿಲಿ ಮಲಗಿ ಮೂರನೇ ದಿನ ಮನೆ. ಎರಡೇ ದಿನ ರಜ ಇದ್ರೆ ಆಗುಂಬೆ ಬಿಟ್ಬಿಡಿ, ಚಾರ್ಮಾಡಿನೇ ಹತ್ತಿ ಬನ್ನಿ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಹೊರಡೋದಾದ್ರೆ ಹಿಂದಿನ ರಾತ್ರಿನೇ ಘಾಟಿ ಓಪನ್ ಇದೆಯಾ ಅಂತ ಆ ಕಡೆಯವರಿಗೆ ಫೋನ್ ಮಾಡಿ ಕೇಳ್ಕೊಳ್ಳಿ, ಗುಡ್ಡ ಕುಸಿದ್ರೆ ಬಂದ್ ಮಾಡ್ತಾರೆ. ನಾವು ಕೇಳದೇ ಹೊರಟು ಹಾಸನಕ್ಕೆ ಹೋದ್ಮೇಲೆ ಗೊತ್ತಾಯ್ತು, ಬೈಪಾಸಲ್ಲಿ ಟೀ ಕುಡಿದು ವಾಪಸ್ ಬಂದ್ವಿ. ಒಂದು ಟೀಗೆ 370 ಕಿಲೋಮೀಟರ್.