ಹಳೇ ಕೋವಿಯೋ, .315 ರೈಫಲ್ಲೋ, ಏರ್ ರೈಫಲ್ಲೋ?
ಹಳೇ ಬಂದೂಕಿನ ಹುಚ್ಚಿದೆ, ಬೆಂಗಳೂರಿನಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ನಿಮಗೆ ನೋಡುವ ಆಸೆಯಾ, ಹೊಡೆಯುವ ಆಸೆಯಾ?

ಕೆತ್ತನೆ, ಚರಿತ್ರೆ ಇಷ್ಟ ಅಂದರೆ ನಳಿಗೆ ಬಾಯಿಂದ ಮದ್ದು ತುಂಬುತ್ತಿದ್ದ ಕೋವಿ ತಗೊಳ್ಳಿ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥದ್ದಕ್ಕೆ ಲೈಸೆನ್ಸ್ ಬೇಡ. ನೂರು ವರ್ಷ ದಾಟಿದ್ದರೆ ಮಾತ್ರ ಪುರಾತನ ವಸ್ತುಗಳ 1972ರ ಕಾಯ್ದೆ ಅನ್ವಯವಾಗುತ್ತದೆ, ವಿದೇಶಕ್ಕೆ ಕಳಿಸುವ ಹಾಗಿಲ್ಲ. ಮಳೆಗಾಲದಲ್ಲಿ ಎಣ್ಣೆ ಹಚ್ಚದಿದ್ದರೆ ತುಕ್ಕು ಗ್ಯಾರಂಟಿ.

ಹೊಡೆಯಲೇಬೇಕಾ? ಬ್ರಿಟಿಷರ ಕಾಲದ ಸೇನಾ ರೈಫಲ್ ಲೀ-ಎನ್‌ಫೀಲ್ಡ್ .303 ನಿಷೇಧಿತ ಬೋರು (ನಳಿಗೆಯ ಒಳಗಿನ ಅಳತೆ), ಸುಮ್ನೆ ಹುಡುಕಬೇಡಿ. ಅದೇ ವಿನ್ಯಾಸದ ಮೇಲೆ ಸರ್ಕಾರಿ ಕಾರ್ಖಾನೆ ಮಾಡಿದ .315 ಸಿಗುತ್ತದೆ, ಗುಂಡು ತುಂಬಲು ಕೈಯಿಂದ ಆ ಬೋಲ್ಟ್ ಎಳೆಯುವ ಮಜಾನೇ ಬೇರೆ, ಆದರೆ ಲೈಸೆನ್ಸಿಗೆ ಪೊಲೀಸ್ ಕಮಿಷನರ್ ಕಚೇರಿಗೆ ಅಲೆಯಬೇಕು, 2019ರಿಂದ ಒಬ್ಬರಿಗೆ ಎರಡೇ ಬಂದೂಕು, ಗುಂಡಿನ ಖರ್ಚೂ ಜಾಸ್ತಿ.

ಅಷ್ಟು ತಾಳ್ಮೆ ಇಲ್ಲ, ವಾರಾವಾರ ಗುರಿ ಇಟ್ಟರೆ ಸಾಕು ಅನ್ನೋರಿಗೆ 10 ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್. ಅದರ ಪುಟ್ಟ ಗುಂಡು, ಅಂದರೆ ಪೆಲೆಟ್, ಅಗ್ಗ. ಹಳೇ ಕಾಲದ ಮದ್ದಿನ ವಾಸನೆ ಮಾತ್ರ ಸಿಗಲ್ಲ.