ಪೇಪರ್ ಹಾಕುವವನ ಹೆಲ್ಮೆಟ್ಟೂ ಆಂಟಿ-ಫಾಗ್ ಶೀಟೂ

ಮೊದಲೇ ಹೇಳಿಬಿಡುತ್ತೇನೆ. ಹೆಲ್ಮೆಟ್ ಗ್ಲಾಸಿನ ಒಳಗೆ ಹಾಕುವ ಆಂಟಿ-ಫಾಗ್ ಶೀಟ್ ಒಳ್ಳೆಯ ಮಾಲು. ದುಡ್ಡು ದಂಡ ಆಗುವುದಿಲ್ಲ. ಆದರೆ ಹೆಸರು ನೋಡಿ, ಇದು ಆಗುಂಬೆಯ ಮಂಜನ್ನೇ ಸೀಳಿಕೊಂಡು ಹೋಗುತ್ತದೆ ಅಂತ ನಂಬಿ ತಗೊಂಡರೆ ಆಮೇಲೆ ಬೈದುಕೊಳ್ಳುತ್ತೀರಿ. ಅದು ಓಡಿಸುವುದು ನಿಮ್ಮದೇ ಉಸಿರಿನ ಮಬ್ಬನ್ನು ಮಾತ್ರ. ರಸ್ತೆ ಮೇಲಿನ ಮಂಜಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ತೀರ್ಥಹಳ್ಳಿ ಕಡೆಯ ಪೇಪರ್ ಏಜೆಂಟ್. ಬೆಳಗಿನ ಜಾವ ಬಂಡಲ್ ಇಳಿಸಿಕೊಂಡು, ಪ್ಲಾಸ್ಟಿಕ್ ಸುತ್ತಿ, ಬೈಕಿನ ಹಿಂದೆ ಬಿಗಿದು ಆಗುಂಬೆ ದಾರಿ ಹಿಡಿಯುತ್ತೇನೆ. ಮೇಗರವಳ್ಳಿ, ಗುಡ್ಡೇಕೇರಿ, ಆಮೇಲೆ ಆಗುಂಬೆ. ತಲೆಗೆ ಫುಲ್ ಹೆಲ್ಮೆಟ್, ಅದರೊಳಗೆ ಕನ್ನಡಕ. ಜೂನ್ ಬಂತೆಂದರೆ ಕನ್ನಡಕವೂ ಮಬ್ಬು, ಹೆಲ್ಮೆಟ್ ಗ್ಲಾಸೂ ಮಬ್ಬು, ಹೊರಗೆ ರಸ್ತೆಯೂ ಮಬ್ಬು. ಮೂರರಲ್ಲಿ ಯಾವುದು ಯಾವುದು ಅಂತ ಬೇರೆ ಮಾಡಿ ನೋಡದಿದ್ದರೆ ಯಾವ ಔಷಧಿಯೂ ಕೆಲಸ ಮಾಡಲ್ಲ.

ಗ್ಲಾಸಿನ ಮಬ್ಬು ಬರುವುದು ಸರಳ ಕಾರಣಕ್ಕೆ. ಬಾಯಿಂದ ಬರುವ ಗಾಳಿ ಬೆಚ್ಚಗಿರುತ್ತದೆ, ತೇವವಾಗಿರುತ್ತದೆ. ಗ್ಲಾಸ್ ಮಳೆಗೆ ನೆನೆದು ತಣ್ಣಗಿರುತ್ತದೆ. ಆವಿ ಹೋಗಿ ಅಲ್ಲಿ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಹಗಲಲ್ಲಿ ಹೇಗೋ ನಿಭಾಯಿಸಬಹುದು. ಕತ್ತಲೆಯಲ್ಲಿ ಎದುರಿಗೊಂದು ಲಾರಿ ಬಂತು ಅಂದುಕೊಳ್ಳಿ. ಅದರ ಲೈಟು ಒಂದೊಂದು ಹನಿಯಲ್ಲೂ ಒಡೆದು ಇಡೀ ಗ್ಲಾಸ್ ಬೆಳ್ಳಗೆ ಹೊತ್ತಿಕೊಳ್ಳುತ್ತದೆ. ರಸ್ತೆಯ ಅಂಚೂ ಇಲ್ಲ, ಚರಂಡಿಯೂ ಇಲ್ಲ. ಗ್ಲಾಸ್ ಎತ್ತೋಣ ಅಂದರೆ ಮಳೆ ನೇರ ಕಣ್ಣಿಗೇ ಹೊಡೆಯುತ್ತದೆ. ಎತ್ತಿದರೂ ಕಷ್ಟ, ಇಳಿಸಿದರೂ ಕಷ್ಟ.

ಶೀಟಿಗೆ ಮೊದಲು ಸ್ಪ್ರೇ ನೋಡಿದೆ. ಅದನ್ನು ಕೊಳ್ಳಲು ಹೋದದ್ದೇ ಒಂದು ತಮಾಷೆ. "ಫಾಗ್ ಸ್ಪ್ರೇ ಇದೆಯಾ?" ಅಂದರೆ ಅಂಗಡಿ ಹುಡುಗ ಸೆಂಟಿನ ಬಾಟಲಿ ತಂದಿಟ್ಟ. ಹೆಲ್ಮೆಟ್ಟಿಗೆ ಮಾರಾಯ ಅಂದರೆ, "ಹೆಲ್ಮೆಟ್ಟಿಗೂ ಹೊಡೀಬಹುದು, ವಾಸನೆ ಹೋಗತ್ತೆ" ಅಂದ. ಅವನ ಮಾತಲ್ಲೂ ನಿಜ ಇದೆ ಬಿಡಿ, ಜುಲೈ ತಿಂಗಳ ಹೆಲ್ಮೆಟ್ಟಿನ ವಾಸನೆ ಗೊತ್ತಿದ್ದವರು ಅವನನ್ನು ಬಯ್ಯಲಾರರು. ಕೊನೆಗೆ ಆನ್‌ಲೈನಲ್ಲಿ ತರಿಸಿದೆ. ಕಂಪನಿ ಹೆಸರು ಬೇಡ. ಸ್ಪ್ರೇ ಹನಿಯನ್ನು ಹನಿಯಾಗಿ ಕೂರಲು ಬಿಡುವುದಿಲ್ಲ, ತೆಳ್ಳಗೆ ಹರಡಿಸಿಬಿಡುತ್ತದೆ. ಹರಡಿದ ನೀರಿನಲ್ಲಿ ಬೆಳಕು ಅಷ್ಟು ಒಡೆಯುವುದಿಲ್ಲ. ಸೋಪು ಉಜ್ಜಿ ಒರೆಸಿದರೂ ಆಗುವುದು ಇದೇ. ನನ್ನ ಬಾಟಲಿಯದು ಮೇಗರವಳ್ಳಿವರೆಗೆ ಚೆನ್ನಾಗಿತ್ತು, ಗುಡ್ಡೇಕೇರಿ ಬರುವಷ್ಟರಲ್ಲಿ ಕೈ ಕೊಡುತ್ತಿತ್ತು. ಸಣ್ಣ ಓಡಾಟದವರಿಗೆ ಸಾಕು. ಟೂತ್‌ಪೇಸ್ಟ್ ಉಜ್ಜಿ ಅಂತ ಕೆಲವರು ಹೇಳುತ್ತಾರಲ್ಲ, ದಯವಿಟ್ಟು ಬೇಡ. ಅದರಲ್ಲಿ ಉಜ್ಜುವ ಪುಡಿ ಇರುತ್ತದೆ, ಗೀರು ಬೀಳುತ್ತದೆ.

ಈಗ ಶೀಟಿನ ವಿಷಯಕ್ಕೆ ಬರುತ್ತೇನೆ. ಬೈಕಿನವರು ಇದನ್ನು ಪಿನ್‌ಲಾಕ್ ಅನ್ನುತ್ತಾರೆ. ಅದು ಮೂಲದಲ್ಲಿ ಒಂದು ಡಚ್ ಕಂಪನಿಯ ಹೆಸರು. ಈಗ ಯಾವ ಕಂಪನಿಯ ಶೀಟಿಗೂ ಜನ ಹಾಗೇ ಅನ್ನುತ್ತಾರೆ. ಸಾವಿರ ರೂಪಾಯಿಯ ಆಸುಪಾಸಿಗೆ ಶುರು, ಒಳ್ಳೆಯದು ಬೇಕೆಂದರೆ ಜಾಸ್ತಿ. ಕೈಗೆ ಬಂದಾಗ ಇಷ್ಟೇನಾ ಅನಿಸಿತು. ಬಾಗಿದ ಒಂದು ತೆಳು ಪ್ಲಾಸ್ಟಿಕ್, ಅಂಚಿನ ಸುತ್ತ ದಾರದಷ್ಟು ದಪ್ಪದ ಸಿಲಿಕೋನ್ ಗೆರೆ. ಕೆಲಸ ಇರುವುದೆಲ್ಲ ಆ ಗೆರೆಯಲ್ಲೇ. ಅದು ಗ್ಲಾಸಿಗೆ ಸುತ್ತಲೂ ಒತ್ತಿ ಕೂತರೆ ಗ್ಲಾಸಿಗೂ ಶೀಟಿಗೂ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊರಗಿನ ಗ್ಲಾಸ್ ಎಷ್ಟೇ ತಣ್ಣಗಾಗಲಿ, ಮುಖದ ಕಡೆಯ ಶೀಟಿಗೆ ಆ ಚಳಿ ಮುಟ್ಟುವುದಿಲ್ಲ. ಜೊತೆಗೆ ಶೀಟ್ ತಾನೇ ಸ್ವಲ್ಪ ತೇವ ಹೀರುತ್ತದೆ. ಪಿನ್‌ಲಾಕಿನಲ್ಲಿ 30, 70, 120 ಅಂತ ನಂಬರು ಇರುತ್ತವೆ. ನಂಬರು ಜಾಸ್ತಿ ಆದಷ್ಟೂ ಮಬ್ಬು ತಡೆಯುವ ತಾಕತ್ತು ಜಾಸ್ತಿ. ಮಲೆನಾಡಿಗೆ 30 ತಗೊಳ್ಳಬೇಡಿ, 70 ಆದರೂ ಇರಲಿ.

ಕೂರಿಸುವಾಗ ಅವಸರ ಬೇಡ. ಗ್ಲಾಸಿನ ಎಡಕ್ಕೊಂದು ಬಲಕ್ಕೊಂದು ಪಿನ್ನು ಇರುತ್ತದೆ. ಗ್ಲಾಸ್ ಬಿಚ್ಚಿ, ಎರಡೂ ಕಡೆ ಹಿಡಿದು ಚಪ್ಪಟೆ ಮಾಡಿ, ಶೀಟನ್ನು ಪಿನ್ನುಗಳ ಮಧ್ಯೆ ಸಿಕ್ಕಿಸಿ ಬಿಡಬೇಕು. ಗ್ಲಾಸ್ ಮತ್ತೆ ಬಾಗಿದಾಗ ಶೀಟ್ ತಾನಾಗಿ ಒತ್ತಿಕೊಳ್ಳುತ್ತದೆ. ಬೆಳಕಿಗೆ ಹಿಡಿದು ನೋಡಿ. ಸಿಲಿಕೋನ್ ಗೆರೆ ಸುತ್ತಲೂ ಒಂದೇ ಥರ ಅಂಟಿದ್ದರೆ ಸರಿ. ಎಲ್ಲೋ ಒಂದು ಕಡೆ ಬಿಟ್ಟಿದ್ದರೆ ಪಿನ್ನು ತಿರುಗಿಸಿ. ಪಿನ್ನು ನಟ್ಟನಡುವೆ ಇಲ್ಲದೆ ಒಂದು ಪಕ್ಕಕ್ಕೆ ಇರುವುದರಿಂದ, ತಿರುಗಿಸಿದರೆ ಬಿಗಿ ಆಗುತ್ತದೆ, ಸಡಿಲ ಆಗುತ್ತದೆ. ಇದನ್ನು ಅಂಗಡಿಯವರೂ ಹೇಳಲಿಲ್ಲ, ಡಬ್ಬದ ಮೇಲಿನ ಚಿತ್ರ ನೋಡಿ ತಿಳಿದುಕೊಂಡೆ. ಸಂದು ಉಳಿದರೆ ಆವಿ ಎರಡರ ಮಧ್ಯೆ ಹೋಗಿ ಕೂರುತ್ತದೆ. ಆಗ ಬೆರಳಿಂದ ಒರೆಸಲೂ ಆಗಲ್ಲ. ಶೀಟ್ ಹಾಕದೇ ಇದ್ದರೇ ವಾಸಿಯಿತ್ತು ಅನಿಸುತ್ತದೆ. ಮೇಲಿನ ತೆಳು ಪೊರೆಯನ್ನು ಕೂರಿಸಿದ ಮೇಲೆ ಕೀಳಬೇಕು. ನಮ್ಮ ಕಡೆಯ ಒಬ್ಬರು ಅದನ್ನು ಕೀಳದೆಯೇ ಒಂದು ಮಳೆಗಾಲ ಓಡಿಸಿ, "ಎಂತದು ಮಾರಾಯ್ರೆ ಇದು, ಮೊದಲಿಗಿಂತ ಕಡೆ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದರು.

ರಸ್ತೆಯಲ್ಲಿ ಹೇಗಿದೆ? ನೇರ ಮುಂದೆ ನೋಡಿದರೆ ಅದ್ಭುತ. ಗೇಟು ಗೇಟಿಗೆ ನಿಲ್ಲಿಸಿ ಪೇಪರ್ ಎಸೆಯುವಾಗ ಏದುಸಿರು ಬಿಟ್ಟರೂ ಮಬ್ಬು ಹಿಡಿಯಲ್ಲ. ಆದರೆ ಶೀಟ್ ಇಡೀ ಗ್ಲಾಸನ್ನು ಮುಚ್ಚುವುದಿಲ್ಲ. ಅದರ ಹೊರಗಿನ ಅಂಚಿನಲ್ಲಿ ಮೊದಲಿನ ಹಾಗೆಯೇ ಮಬ್ಬು ಕಟ್ಟುತ್ತದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಘಾಟಿಯಲ್ಲಿ. ಮಗಳ ಮನೆಗೆ ಅಂತ ಸೋಮೇಶ್ವರದ ಕಡೆ ಇಳಿಯುವಾಗ 14 ಹೇರ್‌ಪಿನ್ ತಿರುವು. ತಿರುವಿನಲ್ಲಿ ಕಣ್ಣು ಮುಂದಕ್ಕಲ್ಲ, ಪಕ್ಕಕ್ಕೆ ಹೋಗುತ್ತದೆ, ಕೆಳಗಿಂದ ಬಸ್ಸು ಬರ್ತಾ ಇದೆಯಾ ಅಂತ. ಸರಿಯಾಗಿ ಅಲ್ಲೇ ಸಿಲಿಕೋನ್ ಗೆರೆ, ಅದರಾಚೆ ಮಬ್ಬು. ಕಣ್ಣು ಹೊರಳಿಸಿದರೆ ಸಾಲದು, ಕತ್ತನ್ನೇ ತಿರುಗಿಸಬೇಕು. ನನಗೆ ರೂಢಿಯಾಯಿತು. ಹೊಸಬರು ಘಾಟಿಗೆ ಹೋಗುವ ಮೊದಲು ಊರೊಳಗೆ ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ರಾತ್ರಿ ಎದುರು ಲೈಟು ಬಿದ್ದಾಗ ಅದರದೇ ತೆಳು ನೆರಳೊಂದು ಪಕ್ಕದಲ್ಲಿ ಕಾಣುತ್ತದೆ. ಎರಡು ಪದರ ಇದೆಯಲ್ಲ, ಅದಕ್ಕೆ.

ಇನ್ನು ಹೊರಗಿನ ಮಂಜು. ಆಗುಂಬೆಯ ಮಳೆಗಾಲದ ಮಂಜು ಅಂದರೆ ಮೋಡವೇ. ಕಡಲ ಕಡೆಯಿಂದ ಬರುವ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರುತ್ತಾ ತಣ್ಣಗಾಗುತ್ತದೆ, ಮೋಡವಾಗಿ ರಸ್ತೆ ಮೇಲೇ ಮಲಗುತ್ತದೆ. ಜನವರಿಯ ಇಬ್ಬನಿ ಬೇರೆ ಜಾತಿಯದು. ಮೋಡ ಇಲ್ಲದ ರಾತ್ರಿ ನೆಲ ತಣ್ಣಗಾಗಿ ತುಂಗೆಯ ಆಚೀಚೆ, ಗದ್ದೆ ಬಯಲಲ್ಲಿ ಕಟ್ಟುತ್ತದೆ, ಬಿಸಿಲೇರಿದರೆ ಕರಗುತ್ತದೆ. ಅಂಗಳದಲ್ಲಿ ಅಡಿಕೆ ಹರಡಿದವರಿಗೆ ಅದರ ಮೇಲೆ ಸಿಟ್ಟು. ಹವಾಮಾನದವರ ಲೆಕ್ಕದಲ್ಲಿ 1 ಕಿಲೋಮೀಟರಿಗಿಂತ ಹತ್ತಿರದ್ದು ಮಾತ್ರ ಕಂಡರೆ ಅದು ಫಾಗ್. ನಮ್ಮಲ್ಲಿ ಎಷ್ಟೋ ಬೆಳಿಗ್ಗೆ ನನ್ನ ಬೈಕಿನ ಮುಂದಿನ ಚಕ್ರ ಕಂಡರೆ ಪುಣ್ಯ. ಈ ಎರಡಕ್ಕೂ ಶೀಟ್ ಏನೂ ಮಾಡದು. ಡಿಮ್ ಲೈಟು, ಕಡಿಮೆ ಸ್ಪೀಡು, ಎಡಬದಿಯ ಬಿಳಿ ಪಟ್ಟಿ. ಅಷ್ಟೇ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ.

ಹಳದಿ ಶೀಟೂ ಸಿಗುತ್ತದೆ. "ಇದು ಮಂಜಲ್ಲಿ ಜಾಸ್ತಿ ದೂರ ತೋರಿಸುತ್ತೆ ಸಾರ್" ಅಂದರು ಅಂಗಡಿಯಲ್ಲಿ. ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಥರ ಚದುರಿಸುತ್ತದೆ. ಅದಕ್ಕೇ ಮಂಜು ಬೆಳ್ಳಗಿರುವುದು. ಹಳದಿ ಹಾಕಿದರೆ ಕಣ್ಣಿಗೆ ಸ್ವಲ್ಪ ಹಿತ ಅನಿಸಬಹುದು, ದೂರ ಕಾಣುವುದಿಲ್ಲ. ಕತ್ತಲೆಯಲ್ಲಿ ಇರುವ ಬೆಳಕನ್ನೂ ಅದು ಒಂದಿಷ್ಟು ತಿನ್ನುತ್ತದೆ. ಬೆಳಿಗ್ಗೆ ಐದಕ್ಕೆ ಹೊರಡುವವನಿಗೆ ಬಿಳಿಯದೇ ಸರಿ.

ಕನ್ನಡಕದವರಿಗೆ ಬೇಸರದ ಸುದ್ದಿ ಏನೆಂದರೆ, ಶೀಟ್ ಹಾಕಿದರೂ ಕನ್ನಡಕ ಮಬ್ಬಾಗುತ್ತದೆ. ಅದು ಬೇರೆ ಗಾಜು, ಅದರ ತಾಪತ್ರಯ ಬೇರೆ. ನನಗೆ ಕೆಲಸಕ್ಕೆ ಬಂದದ್ದು ಹೆಲ್ಮೆಟ್ಟಿನ ಮೂಗಿನ ಹತ್ತಿರ ಸಿಕ್ಕಿಸುವ ರಬ್ಬರ್ ತುಂಡು, ಬ್ರೀತ್ ಗಾರ್ಡ್ ಅನ್ನುತ್ತಾರೆ. ಉಸಿರನ್ನು ಕೆಳಕ್ಕೆ ಕಳಿಸುತ್ತದೆ. ಗದ್ದದ ಹತ್ತಿರದ ಗಾಳಿ ಕಿಂಡಿ ತೆರೆದಿರಬೇಕು. ಚಳಿ ಅಂತ ಮಫ್ಲರನ್ನು ಮೂಗಿನ ಮೇಲಕ್ಕೆ ಸುತ್ತಿದರೆ ಉಸಿರೆಲ್ಲ ನೇರ ಕನ್ನಡಕಕ್ಕೇ ಏರುತ್ತದೆ. ಮೂಗಿನ ಕೆಳಗೆ ಸುತ್ತಿ.

ಶೀಟ್ ತುಂಬ ಮೆತ್ತಗಿನದು, ಉಗುರು ತಾಗಿದರೂ ಗೀರು. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಪೆಟ್ರೋಲ್ ಹಾಕಿ ಒರೆಸುವ ಅಭ್ಯಾಸ ಕೆಲವರಿಗಿದೆ, ಅದು ಹೊರಗಿನ ಗ್ಲಾಸಿಗೂ ವಿಷ, ಸಣ್ಣ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಎಲ್ಲವನ್ನೂ ಬಚ್ಚಲೊಲೆಯ ಮೇಲೆ ಒಣಗಿಸುವುದು ನಮ್ಮ ಮನೆಗಳ ಪದ್ಧತಿ. ಹೆಲ್ಮೆಟ್ಟನ್ನು ಮಾತ್ರ ಅಲ್ಲಿ ನೇತು ಹಾಕಬೇಡಿ. ಬಿಸಿಗೆ ಶೀಟ್ ಸೊಟ್ಟಗಾಗುತ್ತದೆ, ಹೊಗೆಯ ಮಸಿ ಕೂರುತ್ತದೆ. ಗ್ಲಾಸ್ ತೆರೆದು ಫ್ಯಾನ್ ಕೆಳಗಿಡಿ, ಕರೆಂಟ್ ಇದ್ದರೆ.

ಕೊಳ್ಳುವ ಮೊದಲು ನಿಮ್ಮ ಹೆಲ್ಮೆಟ್ ಗ್ಲಾಸಿನ ಒಳಗೆ ಎರಡು ಪಿನ್ನು ಇದೆಯಾ ನೋಡಿ. ಇಲ್ಲದಿದ್ದರೆ ಪಿನ್ನಿನ ಗ್ಲಾಸ್ ಬೇರೆ ತಗೊಳ್ಳಬೇಕು, ಖರ್ಚು ಏರುತ್ತದೆ. ಆಗ ಬರೀ ಊರೊಳಗಿನ ಓಡಾಟ ಇದ್ದವರು ಸುಮ್ನೆ ಸೋಪಿನಲ್ಲೇ ದಿನ ದೂಡಬಹುದು. ಪಿನ್ನು ಇದ್ದರೆ ಮೇ ತಿಂಗಳಲ್ಲೇ ಹೆಲ್ಮೆಟ್ ಜೊತೆಗೆ ತಗೊಂಡು ಶಿವಮೊಗ್ಗಕ್ಕೆ ಹೋಗಿ, ಅಲ್ಲೇ ಕೂರಿಸಿ, ಬೆಳಕಿಗೆ ಹಿಡಿದು ಗೆರೆ ನೋಡಿಕೊಂಡು ದುಡ್ಡು ಕೊಡಿ. ಮಳೆ ಹಿಡಿದ ಮೇಲೆ ಹೋದರೆ ಹಳದಿಯದು ಮಾತ್ರ ಉಳಿದಿರುತ್ತದೆ.